ಮಾಂತ್ರಿಕರ ಐದನೆಯ ಭಾಗ

ದಾಕ್ಷಾಯಣಮ್ಮ ಪುಸ್ತಕ ತೆರೆದ ಕೂಡಲೇ ಒಳಗಿನಿಂದ ಒಂದು ಚೀಟಿ ಜಾರಿ ಅವಳ ಅಂಗೈಗೆ ಬಿತ್ತು. ಎರ್ರಣ್ಣ, ನಾಲ್ಕನೇ ಮಂಚ, ಟಿ.ಬಿ. ವಾರ್ಡು. ಕೆಳಗೆ ಬೆಳಗಿನ ಜ್ವರ, ಸಂಜೆಯ ಜ್ವರ. ಚೀಟಿಯನ್ನೂ ಪುಸ್ತಕವನ್ನೂ ಮೇಜಿನ ಮೇಲೆ ಕೆಡವಿ ಅವಳು ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ ಆ ಸೆರಗನ್ನೂ ಮೈಯಿಂದ ದೂರ ಹಿಡಿದಳು.

"ಮಲ್ಲಯ್ಯ, ಈ ಪುಸ್ತಕ ಟೀಬಿ ಆಸ್ಪತ್ರೆಗೆ ಹೋಗಿ ಬಂದೈತಿ! ನಮ್ಮ ಮನೆಯಾಗ ತಂಗಿಯ ಬಾಣಂತನ ನಡದೈತಿ, ಗೊತ್ತೇನು ನಿನಗ?"

ಕೌಲ್ ಬಜಾರಿನ ಮಲ್ಲಯ್ಯನ ಬಾಡಿಗೆ ಪುಸ್ತಕದ ಅಂಗಡಿಯಿಂದ ಐದನೆಯ ಭಾಗವನ್ನು ಎದೆಗವಚಿಕೊಂಡು ಮೆಟ್ಟಿಲಿಳಿಯುತ್ತಿದ್ದ ಹೆಂಗಸು ಅಲ್ಲೇ ನಿಂತಳು. ದಾಕ್ಷಾಯಣಮ್ಮ ಕೈಗೆತ್ತಿಕೊಂಡಿದ್ದ ನಾಲ್ಕನೆಯ ಭಾಗವನ್ನು ಈಗಷ್ಟೇ ಹಿಂದಿರುಗಿಸಿದವಳು ಅವಳೇ. ಲೋಕದ ಉಸಿರನ್ನೇ ಕುಡಿಯಲು ಬರುವ ಕರಿಮಂಜು, ಅದನ್ನು ತಡೆಯಲು ಆಯ್ಕೆಯಾದ ಒಂಬತ್ತು ಮಂದಿ ಮಾಂತ್ರಿಕರು. ಆ ವರ್ಷ ಪೇಟೆಯೆಲ್ಲ ಸರದಿ ಹಿಡಿದು ಓದುತ್ತಿದ್ದ ಕಾದಂಬರಿ. ಹೆಣ್ಣುಮಕ್ಕಳ ಶಾಲೆಯ ಟೀಚರಾದ ದಾಕ್ಷಾಯಣಮ್ಮನೂ ಮೂರು ಭಾಗ ಮುಗಿಸಿದ್ದಳು. ಐದಕ್ಕೆ ಕಥೆ ಮುಗಿಯುತ್ತಿತ್ತು.

"ಏ ಜಡೆಮ್ಮ, ಮಗ್ಗಲ ಮನೀ ಮುದುಕ ಓದ್ತಾನ ಅಂದಿದ್ಯಲ್ಲ ನೀನು?" ಎಂದು ಮಲ್ಲಯ್ಯ ಎದ್ದು ನಿಂತ.

"ಸುಳ್ಳು ಹೇಳೀನ್ರಿ ಅಣ್ಣಾರ. ಖರೆ ಹೇಳಿದ್ರ ಕೊಡ್ತಿದ್ರೇನು?"

"ಇಲ್ಲಿ ಇಡು ಅದನ್ನ. ಮಕ್ಕಳು ಮರಿ ಇರೋ ಮನೀಗೆ ಹೋಗೋ ಪುಸ್ತಕ ಇವು."

ಜಡೆಮ್ಮ ವಾದಿಸಲಿಲ್ಲ. ಪುಸ್ತಕವನ್ನು ಮೇಜಿನ ಅಂಚಿಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. ಮಾತನಾಡಿದ್ದು ದಾಕ್ಷಾಯಣಮ್ಮನೊಂದಿಗೆ.

"ನಾವು ಕರೂರಿನವ್ರು ರೀ ಅಕ್ಕಾರ. ಆ ಚೀಟಿ ನಮ್ಮನಿಯವ್ರದು, ಐದು ತಿಂಗಳಾತು ಆಸ್ಪತ್ರಿಯಾಗೇ ಅದಾರ. ವಾರ್ಡಿನಾಗ ಒಂಬತ್ತು ಮಂಚ. ಆರನೇ ಮಂಚದಾಗ ಒಬ್ರು ಪೋಸ್ಟ್‌ಮನ್ ಅದಾರ, ಅವ್ರು ಓದ್ತಾರ, ಉಳಿದೋರು ಕೇಳ್ತಾರ. ಒಬ್ಬೊಬ್ರು ಒಬ್ಬೊಬ್ಬ ಮಾಂತ್ರಿಕನ್ನ ಹಿಡಕಂಡಾರ್ರಿ. ನಮ್ಮನಿಯವ್ರು ಬೆಂಕಿ ಮಾಂತ್ರಿಕ. ಬೀಡಿ ಹಚ್ಚಾಕ ಅಪ್ಪಣಿ ಇಲ್ಲ, ಇಂವ ಬೆಂಕಿ ಮಾಂತ್ರಿಕನಂತ, ಅಂತ ನರ್ಸಮ್ಮ ನಗ್ತಾಳ."

ತಾನೂ ಸ್ವಲ್ಪ ನಕ್ಕಳು. ಆಮೇಲೆ ದನಿ ತಗ್ಗಿಸಿದಳು. "ಹೋದ ತಿಂಗಳು ಸೂಜಿ ಬ್ಯಾಡ ಅಂತ ಗ್ವಾಡಿ ಕಡಿ ಮಕ ತಿರುವಿ ಮಲಗಿಬಿಟ್ಟಿದ್ರು. ಕಥಿ ಮುಗಿಯೋತನಕ ಚುಚ್ಚಿಸಿಕೊಂತೀನಿ ಅಂತ ಒಪ್ಪ್ಯಾರ. ಪುಸ್ತಕ ಬ್ಯಾಡ್ರಿ. ನೀವು ಓದಿ, ಕೊನಿಗೆ ಏನಾತು ಅಂತ ನನಗ ಬಾಯಿಲೆ ಹೇಳ್ರಿ. ಬರೋ ಸೋಮವಾರ ಸಂಜಿಗೆ ಇಲ್ಲೇ ನಿಂತಿರ್ತೀನಿ."

ದಾಕ್ಷಾಯಣಮ್ಮ ತಲೆಯಾಡಿಸಿದಳು. ಮಲ್ಲಯ್ಯ ಐದನೆಯ ಭಾಗವನ್ನು ಬಟ್ಟೆಯಿಂದ ಒರೆಸಿ ಅವಳ ಕೈಗೇ ಕೊಟ್ಟ. ಕರೂರಿನ ಹೆಂಗಸಿನ ಎದೆಯ ಬಿಸಿ ಅದರಲ್ಲಿ ಇನ್ನೂ ಇತ್ತು.

ಮನೆಗೆ ಬಂದರೆ ಊಟ ರುಚಿಸಲಿಲ್ಲ. ಆ ಚೀಟಿಯನ್ನು ಸುಮ್ಮನೆ ಹರಿದು ಹಾಕಿ, ಪುಸ್ತಕ ಬೇಡವೆಂದು ಬಂದುಬಿಡಬಹುದಿತ್ತು. ಅಷ್ಟು ಜೋರಾಗಿ ಕೂಗಬೇಕಾಗಿತ್ತೇ? ಮರುದಿನ ಶಾಲೆಯಿಂದ ಬರುವಾಗ ದಪ್ಪ ನೋಟ್‌ಬುಕ್ಕೊಂದನ್ನು ತಂದಳು. ಐದನೆಯ ಭಾಗವನ್ನು ಮೊದಲ ಸಾಲಿನಿಂದ, ಕಾಯಿಲೆಯವರಿಗೂ ಕಣ್ಣಿಗೆ ಕಾಣುವಂತೆ ದುಂಡಗೆ ನಕಲು ಮಾಡತೊಡಗಿದಳು. ತಂಗಿ ಮಗುವನ್ನು ತೊಟ್ಟಿಲಿಗೆ ಹಾಕಿ ಬಂದು, "ಅಕ್ಕಾ, ಯಾರಿಗೆ ಈ ಶಿಕ್ಷೆ?" ಎಂದು ಕೇಳಿದಳು. "ನನಗೇ," ಎಂದಳು ದಾಕ್ಷಾಯಣಮ್ಮ. ಐದು ದಿನ ಹಿಡಿಯಿತು. ಕೊನೆಯ ಅಧ್ಯಾಯದಲ್ಲಿ ಮಂಜಿನ ಬಾಗಿಲು ಮುಚ್ಚುವಾಗ ಬೆಂಕಿ ಮಾಂತ್ರಿಕ ಸಾಯುತ್ತಾನೆ. ಆ ಸಾಲಿಗೆ ಬಂದು ಪೆನ್ನು ನಿಂತಿತು. ಅವನನ್ನು ಬದುಕಿಸಿ ಮುಂದೆ ಬರೆದಳು. ಕಾಗದದ ಮೇಲೆ ಅದೇನೂ ಕಷ್ಟವಾಗಲಿಲ್ಲ.

ಸೋಮವಾರ ಜಡೆಮ್ಮ ಅಂಗಡಿಯ ಮೆಟ್ಟಿಲು ಹತ್ತಿರಲಿಲ್ಲ. ಎದುರಿನ ಬೀದಿ ನಲ್ಲಿಯ ಹತ್ತಿರ ನಿಂತಿದ್ದಳು. ಟೀಚರು ಬರುವುದು ಕಂಡದ್ದೇ, ಸೆರಗಿನ ಗಂಟಿನಿಂದ ಸಾಬೂನಿನ ಚೂರು ತೆಗೆದು, ನಲ್ಲಿಯ ಕೆಳಗೆ ಮೊಣಕೈಯವರೆಗೂ ತಿಕ್ಕಿ ತಿಕ್ಕಿ ತೊಳೆದಳು. ಅಂಗೈಗಳನ್ನು ಸೀರೆಗೆ ಒತ್ತಿ ಒಣಗಿಸಿದಳು.

"ಓದಿದ್ರೇನ್ರಿ ಅಕ್ಕಾರ?"

"ಓದಿದೆ. ಪೂರಾ ಬರಕೊಂಡು ಬಂದೀನಿ. ತಿರುಗಿ ಕೊಡೋದು ಬ್ಯಾಡ, ವಾರ್ಡಿನಾಗೇ ಇರಲಿ."

"ಕೈಲೆ ಬರದೀರಾ? ಇಷ್ಟೂ?" ಜಡೆಮ್ಮನ ಕಣ್ಣು ದೊಡ್ಡದಾಯಿತು. "ನಮ್ಮವ್ವ! ಇವತ್ತು ಪೋಸ್ಟ್‌ಮನ್ನಪ್ಪನ ಗಂಟಲು ಹರಿದು ಹೋತು ತಗೊಳ್ರಿ." ನಗುತ್ತ ಎರಡೂ ಕೈ ಚಾಚಿದಳು.

ದಾಕ್ಷಾಯಣಮ್ಮನೂ ನೋಟ್‌ಬುಕ್ ಚಾಚಿದಳು. ಅರ್ಧ ದಾರಿಯಲ್ಲಿ ಅವಳ ಕೈ ನಿಂತಿತು. ಮುಂದೆ ಹೋಗು ಎಂದು ಒಳಗೊಳಗೇ ಬೈದುಕೊಂಡಳು. ಕೈ ಹೋಗಲಿಲ್ಲ. ತಾನಾಗಿ ಪಕ್ಕಕ್ಕೆ ಸರಿದು, ನಲ್ಲಿಯ ಬದಿಯ ಒಣಗಲ್ಲಿನ ಮೇಲೆ ನೋಟ್‌ಬುಕ್ಕನ್ನು ಇಟ್ಟುಬಿಟ್ಟಿತು.

ಜಡೆಮ್ಮನ ಖಾಲಿ ಕೈಗಳು ಒಂದು ಗಳಿಗೆ ಹಾಗೇ ಇದ್ದವು. ಆಮೇಲೆ ಅವುಗಳನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡಳು.

"ಅಲ್ಲಿಟ್ಟಿದ್ದ ಚಲೋ ಆತು ಬಿಡ್ರಿ ಅಕ್ಕಾರ," ಎಂದಳು. "ಆಸ್ಪತ್ರಿಯಿಂದ ಹಂಗೇ ಬಂದೀನಿ ನೋಡ್ರಿ. ಕೈ ಸೈತ ತೊಳಕೊಂಡಿಲ್ಲ."

ಅವಳ ಮೊಣಕೈಗಳಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು.