ಸುಲೇಪೇಟದ ಆಚೆ

ಸ್ಟೇರಿಂಗ್ ಮತ್ತೆ ಕಲ್ಲಾಯಿತು. ಬಸವಂತರಾಯ ಮಾಸ್ತರರು ಹಲ್ಲು ಕಚ್ಚಿ ಎರಡೂ ಕೈಯಿಂದ ಎಳೆದರು. ಹಳೆಯ ಕಾರು ಅರ್ಧ ತಿರುಗಿ, ಸುಲೇಪೇಟದ ಚಹಾ ಅಂಗಡಿಯ ಮುಂದೆ ರಸ್ತೆಗೆ ಅಡ್ಡಲಾಗಿ ನಿಂತಿತು. ಸ್ಟೇರಿಂಗಿನ ಹಿಂದೆ ಹಳದಿ ದೀಪ ಹತ್ತಿತ್ತು. ಜೀಪಿನವನೊಬ್ಬ ಹಾರ್ನ್ ಒತ್ತಿ ಬೈದು ಹೋದ.

"ಮತ್ತ ಅದೇ ರೋಗ. ಇಲ್ಲಿತನ ಹೂವಿನಂಗ ತಿರಗತಿತ್ತು!"

ಪಕ್ಕದ ಸೀಟಿನಲ್ಲಿದ್ದ ಹೆಂಡತಿ ಮಹಾದೇವಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ಹೊಳ್ಳಿ ಹೋಗೂಣ ನಡೀರಿ. ಹಿಂಗ ಜಗ್ಗಿಕೋತ ಚಿಂಚೋಳಿತನ ಹ್ಯಾಂಗ ಹೋಗ್ತೀರಿ? ಮೊದಲೇ ಎದಿ ಬ್ಯಾನಿ ಮನಷ್ಯಾ."

ಹೋದ ಸಲವೂ ಹೀಗೆಯೇ, ಇದೇ ಅಂಗಡಿಯಲ್ಲಿ ಚಹಾ ಕುಡಿದು ಹೊರಟಾಗ. ಅದಕ್ಕೂ ಮೊದಲ ಸಲ ಸೇಡಂ ದಾಟುವುದರೊಳಗೇ ಕೆಟ್ಟಿತ್ತು. ಮಗಳನ್ನು ನೋಡಲೆಂದು ಹೊರಟಾಗಲೆಲ್ಲ ಈ ಕಾರು ಮೊಂಡು ಹಿಡಿಯುತ್ತಿತ್ತು.

ಮಗಳು ಶಿವಗಂಗಾ ಬೇರೆ ಜಾತಿಯ ಆನಂದಕುಮಾರನನ್ನು ಮದುವೆಯಾಗಿ ಚಿಂಚೋಳಿಗೆ ಹೋದಂದಿನಿಂದ ಮಾಸ್ತರರು ಅವಳ ಮುಖ ನೋಡಿರಲಿಲ್ಲ. ಚಿತ್ತಾಪುರದ ಹೈಸ್ಕೂಲಿನಲ್ಲಿ ಹೆಡ್‌ಮಾಸ್ತರರಾಗಿದ್ದವರು. ಅವರ ಚಪ್ಪಲಿಯ ಸಪ್ಪಳಕ್ಕೇ ವರಾಂಡ ಖಾಲಿಯಾಗುತ್ತಿತ್ತು. ಸೇಡಂನ ಮನೆಯಲ್ಲೂ ಅದೇ ಶಿಸ್ತು. ಮಗಳ ಹೆಸರೆತ್ತಿದ ನೆಂಟರನ್ನು ಹೊಸ್ತಿಲಿನಿಂದಲೇ ಕಳಿಸಿದರು. ಬರಬರುತ್ತ ಯಾರೂ ಎತ್ತದಾದರು. ಮಹಾದೇವಮ್ಮ ಮಾತ್ರ ಆಗೀಗ ತೆಂಗಳಿಯ ತವರಿಗೆಂದು ಹೇಳಿ ಬಸ್ಸು ಹತ್ತುತ್ತಿದ್ದರು. ಎಲ್ಲಿಗೆ ಹೋಗುತ್ತಾರೆಂದು ಮಾಸ್ತರರಿಗೆ ಗೊತ್ತಿತ್ತು. ಕೇಳುತ್ತಿರಲಿಲ್ಲ.

ಈ ಬೇಸಿಗೆಯಲ್ಲಿ ಎದೆನೋವು ಬಂದು ಆಸ್ಪತ್ರೆಯಲ್ಲಿ ಮಲಗಿ ಎದ್ದರು. ಮನೆಗೆ ಬಂದವರೇ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಗಂಗಾನ್ನ ನೋಡಿ ಬರೂಣ," ಎಂದರು. ಮಹಾದೇವಮ್ಮ ಅಳಲಿಲ್ಲ, ನಗಲಿಲ್ಲ. ಹೆಂಚಿನ ಮೇಲಿನ ರೊಟ್ಟಿ ಕರಕಾಯಿತು.

"ನನ್ನ ಮ್ಯಾಲ ಸಿಟ್ಟಿರಬೇಕಲ್ಲ ಆಕಿಗಿ?"

"ಈಗ ಆಕಿಗಿ ಯಾರ ಮ್ಯಾಲೂ ಸಿಟ್ಟಿಲ್ರಿ."

"ಆರಾಮ ಇದ್ದಾಳೇನು?"

"ಏನೂ ತ್ರಾಸಿಲ್ಲ."

ಸುಲೇಪೇಟದಿಂದ ಹೇಗೋ ಹಿಂದಿರುಗಿದ ಮೇಲೆ, ಸೇಡಂನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಅಸದ ಕಾರಿನೊಳಗೆ ತಲೆ ತೂರಿಸಿದ್ದ. ಬ್ಯಾಟರಿ ಸರಿ ಇತ್ತು. ಫ್ಯೂಜ್ ಸರಿ ಇತ್ತು. ಸ್ಟೇರಿಂಗ್ ತಿರುಗಿಸುವ ಮೋಟರೂ ಸರಿ ಇತ್ತು. ಎಡಗಡೆಯ ಸೀಟಿನ ಮುಂದೆ, ಸಾಮಾನು ಇಡುವ ಡಬ್ಬಿಯ ಹಿಂದಿದ್ದ, ವೈರುಗಳನ್ನು ಕೂಡಿಸುವ ಕಪ್ಲರ್ ಮಾತ್ರ ಬಿಚ್ಚಿಕೊಂಡಿತ್ತು. ಮೊದಲ ಸಲ ಬಂದಾಗಲೂ ಅದೇ ಸಡಿಲಾಗಿತ್ತು. ಆಗ ಅಸದ ಗಂಡಹೆಂಡತಿ ಇಬ್ಬರಿಗೂ ತೋರಿಸಿದ್ದ: ಈ ವೈರುಗಳ ಗಂಟು ಬಿಟ್ಟರೆ ಸ್ಟೇರಿಂಗಿಗೆ ಕರೆಂಟು ಹೋಗುವುದಿಲ್ಲ. ಅದನ್ನು ತೆಗೆದು ಹೊಸದನ್ನೇ ಹಾಕಿದ್ದ. ಹೊಸದರ ಕೊಂಡಿ ಗಟ್ಟಿಯಾಗಿತ್ತು. ಎಂಥ ತಗ್ಗಿನಲ್ಲಿ ಹಾರಿಸಿದರೂ ತಾನಾಗಿ ಬಿಡುವಂಥದ್ದಲ್ಲ.

ಮಾಸ್ತರರು ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದರು. ಅಸದ ಮಹಾದೇವಮ್ಮನ ಬಳಿ ಬಂದು ದನಿ ತಗ್ಗಿಸಿದ.

"ಅಮ್ಮಾರ, ತಪ್ಪ ತಿಳ್ಕೋಬ್ಯಾಡ್ರಿ. ಇದು ತಾನೇ ಬಿಚ್ಚಂಗಿಲ್ಲ. ಯಾರೋ ಕೈ ಹಾಕಲಿಕತ್ತಾರ. ಮಾಸ್ತರಿಗಿ ಮಗಳ ಮನಿಗಿ ಹೋಗೂ ಮನಸ ಖರೇ ಅದ ಏನ್ರಿ?"

ಮಹಾದೇವಮ್ಮ ನೆಲ ನೋಡಿದರು.

"ಪಟ್ಟಿ ಹಾಕಿ ಬಿಗಿದು ಬಿಡ್ಲೇನು? ಮತ್ತ ಕೈಲಿಂದ ಬಿಚ್ಚಲಿಕ್ಕ ಬರಂಗಿಲ್ಲ."

ಅವರು ತಲೆ ಎತ್ತಿ ಹೊರಗೆ ನೋಡಿದರು. ಮರದ ಕೆಳಗೆ ಮಾಸ್ತರರು ಹೊಸ ಸೀರೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಅಂಚನ್ನು ಬೆರಳಿನಿಂದ ಸವರುತ್ತಿದ್ದರು.

"ಬಿಗಿ ತಮ್ಮಾ," ಎಂದರು ಮಹಾದೇವಮ್ಮ. "ಅವರಿಗೂ ಸಾಕಾಗ್ಯಾದ. ನನಗೂ ಸಾಕಾಗ್ಯಾದ."

ಮರುದಿನ ಬೆಳಿಗ್ಗೆ ಮತ್ತೆ ಹೊರಟರು. ಸುಲೇಪೇಟದಲ್ಲಿ ಮಾಸ್ತರರು ಎಂದಿನಂತೆ ಚಹಾಕ್ಕೆ ಇಳಿದರು. ಮಹಾದೇವಮ್ಮ ಎಂದಿನಂತೆ ಇಳಿಯಲಿಲ್ಲ. ಕಾರು ಚಾಲೂ ಆಯಿತು. ಸ್ಟೇರಿಂಗ್ ಒಂದೇ ಬೆರಳಿಗೆ ತಿರುಗಿತು. ಮಾಸ್ತರರು ಮಗುವಿನಂತೆ ನಕ್ಕರು.

ಊರು ದಾಟಿದ ಮೇಲೆ ಅವರೇ ಮಾತು ತೆಗೆದರು. "ಅಸದ ಏನೋ ಗುಸುಗುಸು ಮಾಡ್ತಿದ್ದ. ನಾನೇ ವೈರ್ ಬಿಚ್ಚೀನಿ ಅಂತ ತಿಳದಾನ. ಖರೇ ಹೇಳ್ತೀನಿ, ನಾ ಮುಟ್ಟಿಲ್ಲ."

"ಗೊತ್ತದ್ರಿ. ಬಿಚ್ಚಿದಾಕಿ ನಾನು."

ಕಾರು ನಿಧಾನವಾಯಿತು. ಮಾಸ್ತರರು ಹೆಂಡತಿಯತ್ತ ತಿರುಗಿದರು. ಸಿಟ್ಟು ಬರಬೇಕಿತ್ತು, ಬರಲಿಲ್ಲ.

"ನಾ ಅಲ್ಲಿ ಹೋಗಿ ಆಕಿಗಿ ಬೈತೀನಂತ ಅಂಜಿದೇನು?"

ಮಹಾದೇವಮ್ಮ ಕಿಟಕಿಯಾಚೆ ತೊಗರಿ ಹೊಲಗಳನ್ನು ನೋಡುತ್ತಿದ್ದರು.

"ಬೈಯಂಗಿಲ್ಲ ಮಾದೇವಿ. ತಪ್ಪಾತು ಅಂತೀನಿ. ಬಾಗಲ ಹಾಕಿದ್ರೂ ಹೊರಗ ಕುಂದರತೀನಿ. ಎಂದಾದ್ರೂ ತೆಗೀತಾಳಲ್ಲ?"

ಚಿಂಚೋಳಿ ಬಂತು. ಮಹಾದೇವಮ್ಮ ದಾರಿ ಹೇಳಿದರು. ಬಲಕ್ಕೆ. ಮತ್ತೆ ಎಡಕ್ಕೆ. ಸ್ಟೇರಿಂಗ್ ಹೇಳಿದಂತೆ ಕೇಳಿತು. ಅಂಗಡಿಗಳು ಮುಗಿದವು. ಮನೆಗಳು ವಿರಳವಾದವು. ಮಾಸ್ತರರು ಕನ್ನಡಿಯಲ್ಲಿ ಮುಖ ನೋಡಿ, ಹಣೆಯ ವಿಭೂತಿ ಸರಿಮಾಡಿಕೊಂಡರು.

"ಇಲ್ಲೇ ನಿಂದರಸ್ರಿ."

ಮುಂದೆ ತುಕ್ಕು ಹಿಡಿದ ಕಬ್ಬಿಣದ ಗೇಟು. ಅದರಾಚೆ ಜಾಲಿ ಗಿಡಗಳ ನಡುವೆ ಸಾಲು ಸಾಲು ಕಲ್ಲಿನ ಸಮಾಧಿಗಳು.

"ಇಲ್ಲಿ ಮನಿ ಎಲ್ಲದ?"

"ಬಸರಿದ್ದಾಗ ಆಕಿ ಫೋನ್ ಮಾಡಿದ್ಳು," ಎಂದರು ಮಹಾದೇವಮ್ಮ. ದನಿಯಲ್ಲಿ ಏರಿಳಿತವಿರಲಿಲ್ಲ. "ನೀವು ಫೋನ್ ಕಸ್ಕೊಂಡು ನನಗ ಹೇಳಿದ್ರಿ: ಆಕಿ ಸತ್ರೂ ನನಗ ಹೇಳಬ್ಯಾಡ ಅಂತ. ಹಡೀಲಿಕ್ಕ ಹೋದಾಕಿ ಹೊಳ್ಳಿ ಬರಲಿಲ್ಲ. ನಾ ಹೇಳಲಿಲ್ಲ. ಇಳೀರಿ."