ಎಮ್ಮೆ ಕುಡಿದ ಕಟ್ಟು

ಆ ಯುಗಾದಿಯ ಬೆಳಿಗ್ಗೆ ಕೊಟ್ಟಿಗೆ ಬಾಚಿ, ಬಾಗಿಲಿಗೆ ಮಾವಿನ ಸೊಪ್ಪು ಕಟ್ಟಿ, ಎಣ್ಣೆನೀರು ಹಾಕಿಸಿಕೊಂಡು, ಬೇವು ಬೆಲ್ಲ ತಿಂದಾಗಿತ್ತು. ಮರುದಿನ ಹೊಸತೊಡಕು, ಆಮೇಲೆ ರಾಮನವಮಿಯ ಪಾನಕ. ಆ ತಿಂಗಳೆಲ್ಲ ಹಬ್ಬವೇ. ಈಗಲೂ ತೊಗರಿಬೇಳೆ ಬೇಯುವ ವಾಸನೆ ಬಂದರೆ ಕ್ಯಾತನಹಳ್ಳಿಯ ಆ ಮಧ್ಯಾಹ್ನವೇ ಕಣ್ಣಿಗೆ ಬರುತ್ತದೆ.

ಗಂಜಾಂನಿಂದ ಮದುವೆಯಾಗಿ ಬಂದ ಚಿಕ್ಕಮ್ಮನಿಗೆ ನಮ್ಮ ಮನೆಯಲ್ಲಿ ಅದು ಮೊದಲ ಹಬ್ಬ. ಅತ್ತೆಯ ಕೈಲಿ ಸೈ ಎನಿಸಿಕೊಳ್ಳಬೇಕೆಂದು ಅಡುಗೆಯನ್ನೆಲ್ಲ ತಾನೇ ವಹಿಸಿಕೊಂಡಿದ್ದಳು. ಒಬ್ಬಟ್ಟಿನ ಬೇಳೆ ಬಸಿದ ಕಟ್ಟು ಒಂದು ತಪ್ಪಲೆಯಲ್ಲಿ, ಅನ್ನ ಬಸಿದ ಗಂಜಿ ಅಂಥದ್ದೇ ಇನ್ನೊಂದರಲ್ಲಿ. ಕಟ್ಟು ಸಾರಿಗೆ, ಗಂಜಿ ಎಮ್ಮೆಗೆ. ಒಲೆಯ ಹೊಗೆಯಲ್ಲಿ ಚಿಕ್ಕಮ್ಮ ಕಟ್ಟನ್ನೇ ಎಮ್ಮೆಯ ಬಾನಿಗೆ ಸುರಿದಿದ್ದಳು. ಸಾರಿಗೆ ಇಡುವಾಗ ಗೊತ್ತಾಗಿ ಓಡಿದರೆ, ಎಮ್ಮೆ ಬಾನಿಯ ತಳ ನೆಕ್ಕುತ್ತಿತ್ತು.

"ಅತ್ತೆ, ಸಾರಿನ ಕಟ್ಟ ಎಮ್ಮೆಗೆ ಉಯ್ದ್ಬುಟ್ಟೆ," ಎಂದಳು ಚಿಕ್ಕಮ್ಮ, ಕಣ್ಣು ತುಂಬಿಕೊಂಡು.

"ಅದ್ಕೂ ಹಬ್ಬ ಬ್ಯಾಡ್ವಾ? ಬುಡು," ಎಂದಳು ಅಜ್ಜಿ.

ಜಗಲಿಯಿಂದ ಚಿಕ್ಕಪ್ಪ, "ಅಂಗಾರೆ ನಮ್ಗೆ ಗಂಜಿ ಸಾರಾ?" ಎಂದು ರೇಗಿಸಿದ.

"ಸುಮ್ಕಿರ್ಲಾ. ಉಟ್ದಾಗ್ನಿಂದ ಒಂದು ಲೋಟ ತೊಳ್ದಿಲ್ಲ, ಮಾತಾಡಕ್ಕೆ ಬತ್ತಾನೆ."

ಅಜ್ಜಿ ಎರಡು ಹಿಡಿ ಹೂರಣ ತೆಗೆದು ಬಿಸಿನೀರಿನಲ್ಲಿ ಕದಡಿದಳು. "ಇದ್ಕೆ ಖಾರ ಹಾಕಿ ಕುದ್ಸು. ನಾನು ಬಂದ ವರ್ಸ ಇಂಗೆ ಏಳ್ಕೊಡೋರು ಯಾರೂ ಇರ್ನಿಲ್ಲ," ಎಂದಳು.

ಒಬ್ಬಟ್ಟು, ತುಪ್ಪ, ಮಾವಿನಕಾಯಿ ಚಿತ್ರಾನ್ನ, ಆ ಸಾರು ಕಲಸಿದ ಅನ್ನ ತಿಂದೆವು. ಚಿಕ್ಕಪ್ಪ ಕೇಳಿ ಕೇಳಿ ಸಾರು ಬಡಿಸಿಕೊಂಡ. ಎಲ್ಲರಿಗಿಂತ ಮೊದಲು ನಿದ್ದೆ ಹೋದವಳು ಚಿಕ್ಕಮ್ಮ, ನಡುಮನೆಯಲ್ಲಿ, ಅಜ್ಜಿಯ ಚಾಪೆಯ ಮೇಲೆ. ಪಾತ್ರೆ ತೊಳೆಯಲು ಅವಳನ್ನು ಯಾರೂ ಎಬ್ಬಿಸದಂತೆ ಅಜ್ಜಿ ಬಾಗಿಲಲ್ಲೇ ಕುಳಿತಿದ್ದಳು.