ವೈರಿನ ತುದಿಗೆ ಭಂಡಾರ

ಸ್ಟೀರಿಯೋ ಈ ಸಲವೂ ಸುಮ್ಮನೆ ಕೂತಾಗ ಅಮಸಿದ್ದಪ್ಪ ಚಹಾದ ಬಶಿ ಕೆಳಗಿಟ್ಟು, "ಅಳಿಯಾ, ನನ್ನ ಗಂಟಲಷ್ಟ ಹೋಗೇತಿ ಅಂದಕೊಂಡಿದ್ದೆ. ನಿನ್ನ ಪೆಟಿಗಿದೂ ಹೋತಲ್ಲೋ" ಎಂದ. ಆಪರೇಶನ್ ಆದ ಮೇಲೆ ಅವನ ಮಾತು ಪಿಸುದನಿಯಷ್ಟೇ. ಹಿಂದೆ ಬೀರಪ್ಪನ ಗುಡಿಯಲ್ಲಿ ಅವನು ಡೊಳ್ಳಿನ ಪದ ಎತ್ತಿದರೆ ಊರಾಚೆಯ ಕಬ್ಬಿನ ಹೊಲಕ್ಕೂ ಕೇಳುತ್ತಿತ್ತು. ಆಪರೇಶನ್ನಿಗೆ ಮೊದಲು ಸೋದರಳಿಯ ದುಂಡೇಶ ಆ ಪದಗಳನ್ನು ಕಂಪ್ಯೂಟರಿನಲ್ಲಿ ತುಂಬಿಸಿಟ್ಟಿದ್ದ. ತನ್ನ ದನಿಯನ್ನು ಡೊಳ್ಳಿನ ಸಮೇತ ದೊಡ್ಡದಾಗಿ ಕೇಳಬೇಕೆಂದೇ ಮುದುಕ ಸಾವಳಗಿಯಿಂದ ಬಸ್ಸು ಹಿಡಿದು, ಜಮಖಂಡಿಯ ತಂಗಿ ಲಗಮವ್ವನ ಮನೆಗೆ ಬಂದಿದ್ದ.

"ಸ್ವಲ್ಪ ತಡೀರಿ ಮಾವಾ. ಇದು ಸಾದಾ ವೈರ್ ಅಲ್ಲ. ಕಂಪ್ಯೂಟರಿನ್ಯಾಗಿನ ಹಾಡು ಇದರಾಗ ಬೆಳಕಾಗಿ ಹೊಕ್ಕೈತಿ, ಸ್ಟೀರಿಯೋದಾಗ ಮತ್ತ ಹಾಡ ಆಗಿ ಹೊರಗ ಬರತೈತಿ. ಡಿಜಿಟಲ್ ಅಂತಾರ" ಎಂದ ದುಂಡೇಶ. ಅವನ ಅಂಗಿ ಬೆನ್ನಿಗೆ ಅಂಟಿತ್ತು. ಹಗಲು ಕಾರ್ಖಾನೆಯಲ್ಲಿ ದುಡಿದು, ಸಂಜೆಯ ತರಗತಿಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿತವನು ಅವನು. ಬಳಗದಲ್ಲಿ ಯಾರ ಮನೆಯ ಟಿ.ವಿ. ಕೆಟ್ಟರೂ ಅವನಿಗೇ ಕರೆ. ಪ್ರತಿ ಸಲವೂ, ತನಗೆ ಏನೂ ಬರುವುದಿಲ್ಲವೆಂದು ಇವತ್ತು ಎಲ್ಲರಿಗೂ ಗೊತ್ತಾಗಿಬಿಡುತ್ತದೆ ಎಂದು ಅಂಜುತ್ತಲೇ ಹೋಗುತ್ತಿದ್ದ.

"ಬೆಳಕ ಬರಲಿ, ಕತ್ತಲ ಬರಲಿ, ಒಟ್ಟ ನನ್ನ ದನಿ ಬರಲಿಪಾ. ಕಡೀ ಬಸ್ಸು ಹೋದರ ನಿಮ್ಮವ್ವ ಮತ್ತ ಅದ ಉಪ್ಪಿಟ್ಟು ಮಾಡತಾಳ."

ದುಂಡೇಶ ಸ್ಟೀರಿಯೋದ ಹಿಂಬದಿಯಿಂದ ವೈರು ಕಿತ್ತು ನೋಡಿದ. ತುದಿಯಲ್ಲಿ ಕೆಂಪು ಬೆಳಕು ಬರುತ್ತಿತ್ತು. ಆದರೆ ಅದರ ಸುತ್ತ ಹಳದಿ ಪುಡಿ. ಸ್ಟೀರಿಯೋದ ತೂತಿನ ಬಾಯಿಗೂ ಅದೇ ಪುಡಿ. ಅವನು ತಿರುಗಿ ತಾಯಿಯನ್ನು ನೋಡಿದ. "ಅವ್ವಾ, ಇದಕ್ಕ ಭಂಡಾರ ಹಚ್ಚೀಯೇನು?"

"ಹೂಂನಪಾ, ಮುಂಜೇಲಿ. ಅಮಾಸಿ ಅಲ್ಲೇನ? ಹೊಸಾ ಸಾಮಾನ ಬಂದೈತಿ, ತುದಿಗಿ ಬ್ಯಾರೆ ದೀಪ ಹತ್ತಿತ್ತು. ಬೀರಪ್ಪನ ಹೆಸರ ತಗೊಂಡು ಚೂರ ಮುಟ್ಟಿಸಿದೆ" ಎಂದಳು ಲಗಮವ್ವ, ಒಳ್ಳೆಯ ಕೆಲಸ ಮಾಡಿದವಳಂತೆ.

"ಬೆಳಕ ಹೋಗೂ ದಾರಿಗೆ ಅರಿಷಿಣ ತುಂಬಿದರ ಹಾಡು ಎಲ್ಲಿಂದ ಬರಬೇಕು? ಕಂಡಕಂಡದ್ದಕ್ಕೆಲ್ಲಾ ಬಳಕೋತ ಹೋದರ ದೇವರಾಗತೈತೇನು ಅದು? ತಿಳೀದಿದ್ದರ ದೂರ ಇರಬೇಕು." ದುಂಡೇಶನ ದನಿ ಅವನು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿತ್ತು. ಜೀವಮಾನವಿಡೀ ಆ ಭಂಡಾರವನ್ನೇ ಹಣೆಗಿಟ್ಟು ಹಾಡಿದ ಅಮಸಿದ್ದಪ್ಪ ಬಶಿಯೊಳಗೆ ನೋಡುತ್ತ ಕೂತ. ಲಗಮವ್ವ ಮಗ್ಗುಲಲ್ಲೇ ಅರಿವೆ ಬಿದ್ದಿದ್ದರೂ ಅದನ್ನು ಮುಟ್ಟದೆ, ತನ್ನ ಸೆರಗಿನ ತುದಿಯಿಂದ ವೈರು ಒರೆಸಿದಳು. ಸೆರಗನ್ನೇ ಬತ್ತಿಯಂತೆ ಹೊಸೆದು ತೂತು ಒರೆಸಿದಳು. ಒರೆಸಿದ ಸೆರಗನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ಸ್ಟೀರಿಯೋದ ಮುಂಬದಿಗೆ ಅದೇ ಭಂಡಾರದಿಂದ ಎಳೆದಿದ್ದ ಮೂರು ಬೊಟ್ಟಿನ ಗೆರೆ ತೋರಿಸಿ, "ಇದನ್ನೂ ಒರಸಲೇನು?" ಎಂದು ಕೇಳಿ, ಮಗನ ಉತ್ತರಕ್ಕೆ ಕಾಯದೆ ಅದನ್ನೂ ಅಳಿಸಿದಳು.

ವೈರು ಚುಚ್ಚಿದ. ಹಾಡು ಬರಲಿಲ್ಲ. ವೈರು ಮೊದಲಿನ ಹಾಗೆಯೇ ಸಡಿಲವಾಗಿ ಅಲ್ಲಾಡುತ್ತಿತ್ತು. ಪುಡಿ ಅಡ್ಡ ಇರುವುದಕ್ಕೆ ಹೀಗೆ ಎಂದುಕೊಂಡಿದ್ದ. ಈಗ ಪುಡಿ ಇಲ್ಲ. ಕಿತ್ತು, ಕಿಟಕಿಯ ಕಡೆ ಹಿಡಿದು ತುದಿಯನ್ನು ಸವರಿದಾಗ ಉಗುರಿಗೆ ಏನೋ ತೊಡರಿತು. ಕಂಪನಿಯವರು ಧೂಳು ಕೂರದಿರಲೆಂದು ತೊಡಿಸಿ ಕಳಿಸಿದ ಪ್ಲಾಸ್ಟಿಕ್ ಟೊಪ್ಪಿಗೆ, ಗಾಜಿನಷ್ಟು ತಿಳಿ. ಬೆಳಕು ಅದರೊಳಗಿಂದಲೇ ಹಾಯ್ದು ಬರುತ್ತಿದ್ದುದರಿಂದ ಅವನಿಗೆ ಕಂಡಿರಲಿಲ್ಲ. ಕಂಪ್ಯೂಟರಿನ ಕಡೆಯದನ್ನು ತೆಗೆದಿದ್ದ, ಈ ಕಡೆಯದನ್ನು ಮರೆತಿದ್ದ. ಅದನ್ನು ತೆಗೆದಿದ್ದರೆ ತುದಿಗೆ ಹಚ್ಚಿದ ಭಂಡಾರವೂ ಅದರ ಜೊತೆಗೇ ಬರುತ್ತಿತ್ತು. ಅವನು ಅವರಿಬ್ಬರಿಗೂ ಬೆನ್ನು ಮಾಡಿ ಟೊಪ್ಪಿಗೆ ಕಿತ್ತು, ಅಂಗೈಯಲ್ಲಿ ಮುಚ್ಚಿಕೊಂಡ. ವೈರು ಟಕ್ಕೆಂದು ಕೂತಿತು.

ಡೊಳ್ಳು ಬಿತ್ತು. ಗೋಡೆಯ ಮಾಡದಲ್ಲಿದ್ದ ಲೋಟಗಳು ನಡುಗಿದವು. ಅದರ ಮೇಲೆ ಅಮಸಿದ್ದಪ್ಪನ ದನಿ ಎದ್ದಿತು, ಒಂದಿಷ್ಟೂ ಸೀಳದ ಹಳೆಯ ದನಿ. ಮುದುಕ ಕಣ್ಣು ಮುಚ್ಚಿದ. ಬೆರಳುಗಳು ಮೊಳಕಾಲಿನ ಮೇಲೆ ತಾಳ ಹಾಕಿದವು. ಒಂದು ಪದ ಮುಗಿದಾಗ ಹೇಳಿದ, "ಒರಸಿದ್ದು ಛಲೋ ಆತ ನೋಡ, ಲಗಮವ್ವಾ."

"ನಂದ ತಪ್ಪಣ್ಣಾ. ಅಂವಾ ಕಲತಾಂವ, ಅವಂಗ ಗೊತ್ತಿರತೈತಿ. ನಾನ ಹಾಳ ಮಾಡತಿದ್ದೆ" ಎಂದು ಅವಳು ಕೆನ್ನೆ ಮುಟ್ಟಿಕೊಂಡಳು.

"ಅವ್ವಾ, ಅದು..." ಎಂದ ದುಂಡೇಶ. ಅಷ್ಟರಲ್ಲಿ ಇನ್ನೊಂದು ಪದ ಶುರುವಾಯಿತು. ಅವನ ಕೈ ದನಿಯ ಗುಂಡಿಯ ಮೇಲೇ ಇತ್ತು. ತುಸು ತಗ್ಗಿಸಿದ್ದರೆ ಅವನ ಮಾತು ಕೇಳುತ್ತಿತ್ತು. ಅವನು ಏರಿಸಿದ.

ಬಸ್ಸಿನ ಹೊತ್ತಾದಾಗ ಲಗಮವ್ವ ಭಂಡಾರದ ಬಟ್ಟಲು ತಂದಳು. ಮನೆಯಿಂದ ಯಾರು ಹೊರಟರೂ ಅವಳು ಬರಿಹಣೆಯಲ್ಲಿ ಕಳಿಸುವವಳಲ್ಲ. ಅಣ್ಣನ ಹಣೆಗೆ ಅಗಲವಾಗಿ ಹಚ್ಚಿ, ಕಾಲು ಮುಟ್ಟಿದಳು. ಮಾವನನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಗಾಡಿಯ ಕೀಲಿ ಹಿಡಿದು ನಿಂತಿದ್ದ ದುಂಡೇಶ, ರೂಢಿಯಂತೆ ತಲೆ ಬಾಗಿಸಿದ. ಅರಿಷಿಣದ ಬೆರಳು ಹಣೆಯ ಹತ್ತಿರ ಬಂದು ನಿಂತಿತು. ತಲೆ ಎತ್ತಿ ನೋಡಿದ. ತಾಯಿಯ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಕೊಂಕೂ ಇರಲಿಲ್ಲ.

"ನಿನಗ ಹಚ್ಚಿದರ ನಡೀತೈತೇನ, ತಮ್ಮಾ?"